ಹಿಂದಿನ ಎಸಿ ಬ್ಲೋವರ್ ತಿರುಗುತ್ತಿಲ್ಲವೇ? ಮೋಟಾರಿಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ಮಾರ್ಚ್ ಹತ್ತಿರ ಬಂತೆಂದರೆ ಶಿವಮೊಗ್ಗದ ಎಸಿ ಗ್ಯಾರೇಜುಗಳಿಗೆ ಏಳು-ಎಂಟು ಸೀಟಿನ ಗಾಡಿಗಳು ಬರತೊಡಗುತ್ತವೆ. ದೂರು ಹೆಚ್ಚುಕಡಿಮೆ ಒಂದೇ: ಮುಂದೆ ತಣ್ಣಗಿದೆ, ಹಿಂದೆ ಗಾಳಿಯೇ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚಳಿ ಬಿಡುವವರೆಗೂ ಹಿಂದಿನ ಎಸಿ ಹಾಕುವವರು ಕಡಿಮೆ. ಅಷ್ಟೂ ತಿಂಗಳು ಸುಮ್ಮನೆ ಕೂತ ಬ್ಲೋವರಿನ (ಗಾಳಿ ಊದುವ ಫ್ಯಾನಿನ) ಮೇಲೆ ಮಳೆ, ಶೀತ, ಇಲಿ ಮೂರೂ ಕೈಯಾಡಿಸಿರುತ್ತವೆ. ಬಿಸಿಲು ಏರಿ ಮೊದಲ ಸಲ ಸ್ವಿಚ್ ಒತ್ತಿದಾಗ ಗೊತ್ತಾಗುತ್ತದೆ.

ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು "ಮೋಟಾರ್ ಹೋಗಿದೆ" ಎಂಬುದು. ಹೋಗಿರಲೂಬಹುದು. ಆದರೆ ಮಲೆನಾಡಿನ ಗಾಡಿಯಲ್ಲಿ ಮೋಟಾರಿಗಿಂತ ಮುಂಚೆ ಕೆಡುವುದು ಅರ್ಥ್ ಪಾಯಿಂಟ್ (ಮೈನಸ್ ವೈರ್ ಗಾಡಿಯ ತಗಡಿಗೆ ಸೇರುವ ಜಾಗ), ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಮತ್ತು ವೈರ್. ಅವನ್ನು ನೋಡದೆ ಹೊಸ ಮೋಟಾರ್ ಕೂರಿಸಿದರೆ ಎರಡರಲ್ಲಿ ಒಂದು ಆಗುತ್ತದೆ: ಹೊಸದೂ ತಿರುಗುವುದಿಲ್ಲ, ಇಲ್ಲವೇ ಬಿಚ್ಚಿ ಹಾಕುವಾಗ ಕಪ್ಲರ್ ಅಲುಗಾಡಿದ್ದಕ್ಕೆ ನಾಲ್ಕು ದಿನ ತಿರುಗಿ ಮತ್ತೆ ನಿಲ್ಲುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಮೋಟಾರ್ ಕೊನೆಗೆ ಬರುತ್ತದೆ.

ಏನೂ ಬಿಚ್ಚದೆ ತಿಳಿಯುವುದು

ಮೊದಲು ಮುಂದಿನ ಬ್ಲೋವರ್ ಹಾಕಿ. ಅನೇಕ ಗಾಡಿಗಳಲ್ಲಿ ಮುಂದಿನ ಫ್ಯಾನ್ ಆಫ್ ಇದ್ದರೆ ಹಿಂದಿನದಕ್ಕೆ ಕರೆಂಟ್ ಹೋಗುವುದೇ ಇಲ್ಲ. ಕೆಲವದರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಿಂದಿನ ಎಸಿಗೆಂದೇ ಬೇರೆ ಬಟನ್ ಇರುತ್ತದೆ. ಅದು ಆಫ್ ಆಗಿದ್ದರೆ ಹಿಂದೆ ಕೂತವರು ನಾಬ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಗಾಡಿ ತೊಳೆಯುವಾಗ ಬಟ್ಟೆ ತಾಗಿ ಆ ಬಟನ್ ಆಫ್ ಆಗಿದ್ದಕ್ಕೆ ಗ್ಯಾರೇಜಿಗೆ ಬರುವ ಗಾಡಿಗಳೂ ಇವೆ.

ಆಮೇಲೆ ಎಲ್ಲ ಸ್ಪೀಡ್ ಒಂದೊಂದಾಗಿ ಹಾಕಿ ನೋಡಿ. ಫುಲ್ ಸ್ಪೀಡಿನಲ್ಲಿ ಮಾತ್ರ ತಿರುಗಿ, ಉಳಿದವುಗಳಲ್ಲಿ ನಿಂತರೆ ರೆಸಿಸ್ಟರ್ (ಕರೆಂಟ್ ತಗ್ಗಿಸಿ ಸ್ಪೀಡ್ ಕಡಿಮೆ ಮಾಡುವ ಭಾಗ) ಹೋಗಿದೆ. ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕುವ ಸ್ವಿಚ್) ಮುಟ್ಟಬೇಕಿಲ್ಲ; ರೆಸಿಸ್ಟರ್ ಏಕೆ ಹೋಯಿತೆಂದು ಕೆಳಗೆ ಅದರದೇ ಭಾಗದಲ್ಲಿ ನೋಡಿ. ಕಡಿಮೆ ಸ್ಪೀಡುಗಳು ಸರಿ ಇದ್ದು ಫುಲ್ ಮಾತ್ರ ಇಲ್ಲದಿದ್ದರೆ ಸ್ವಿಚ್ಚಿನ ಆ ಒಂದು ಪಾಯಿಂಟ್ ಸುಟ್ಟಿರುತ್ತದೆ, ಅಥವಾ ಫುಲ್ ಸ್ಪೀಡಿಗೆ ಬೇರೆ ರಿಲೇ ಇರುವ ಗಾಡಿಯಾದರೆ ಆ ರಿಲೇ. ಯಾವ ಸ್ಪೀಡಿನಲ್ಲೂ ಇಲ್ಲ ಎಂದರೆ ಮುಂದೆ ಬರುವುದೆಲ್ಲ ನಿಮಗಾಗಿಯೇ. ಗುಂಡಿ ಹಾರಿದಾಗ ತಿರುಗಿ, ಸಮ ರಸ್ತೆಯಲ್ಲಿ ನಿಲ್ಲುತ್ತದೆ ಎನ್ನುವುದಾದರೆ ಸಡಿಲ ಕಪ್ಲರ್ ಅಥವಾ ಸವೆದ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು).

ಕಿವಿಯನ್ನೂ ಬಳಸಿ. ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಹಿಂದಿನ ಫ್ಯಾನ್ ಹಾಕಿ ಗ್ರಿಲ್ ಹತ್ತಿರ ಕೇಳಿ. ಮೋಟಾರಿನ ಗುಂಯ್ ಸದ್ದು ಇದೆ, ಗಾಳಿ ಇಲ್ಲ ಎಂದರೆ ಇದು ವೈರಿಂಗ್ ಸಮಸ್ಯೆಯೇ ಅಲ್ಲ. ಕೂಲಿಂಗ್ ಕಾಯಿಲ್ ಮೇಲೆ ಧೂಳು ಪದರ ಕಟ್ಟಿದೆ, ಹಿಮ ಕಟ್ಟಿದೆ, ಗಾಳಿ ಸಾಗುವ ಡಕ್ಟ್ ಕಳಚಿದೆ, ಅಥವಾ ಗಾಳಿ ಎಳೆಯುವ ಗ್ರಿಲ್ಲಿಗೆ ಅಡ್ಡಲಾಗಿ ಯಾರೋ ಅಕ್ಕಿ ಮೂಟೆ ಇಟ್ಟಿದ್ದಾರೆ. ಹಿಮ ಕಟ್ಟಿದ್ದಾದರೆ ಅರ್ಧ ಗಂಟೆ ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿದಾಗ ಗಾಳಿ ಮರಳುತ್ತದೆ. ಹಾಗಾದರೆ ಗ್ಯಾಸ್ ಕಡಿಮೆಯೇ, ಕಾಯಿಲ್ ಕಟ್ಟಿದೆಯೇ ಎಂದು ನೋಡಿಸಿ.

ಕರೆಂಟ್ ಹೋಗುವ ದಾರಿ

ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ಗಾಡಿಯ ಉದ್ದಕ್ಕೂ ಕಾರ್ಪೆಟ್ ಕೆಳಗೆ ಅಥವಾ ಪಿಲ್ಲರ್ ಒಳಗೆ ಹಾದು ಹಿಂದಿನ ಮೋಟಾರ್. ಅಲ್ಲಿಂದ ಮುಂದೆ ಎರಡು ಬಗೆ. ಹಲವು ಗಾಡಿಗಳಲ್ಲಿ ಮೋಟಾರಿಗೆ ಪ್ಲಸ್ ನೇರವಾಗಿ ಬಂದು, ಮೋಟಾರಿನಾಚೆ ರೆಸಿಸ್ಟರ್, ಸ್ವಿಚ್ ಇದ್ದು, ಸ್ವಿಚ್ ಕೊನೆಗೆ ಅರ್ಥ್ ಆಗುತ್ತದೆ. ಉಳಿದವುಗಳಲ್ಲಿ ರೆಸಿಸ್ಟರ್ ಮತ್ತು ಸ್ವಿಚ್ ಪ್ಲಸ್ ಕಡೆ ಇದ್ದು, ಮೋಟಾರ್ ನೇರವಾಗಿ ಗಾಡಿಯ ಬಾಡಿಯ ತಗಡಿಗೆ ಅರ್ಥ್ ಆಗಿರುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯದೆ ಟೆಸ್ಟ್ ಲ್ಯಾಂಪ್ ಹಿಡಿದರೆ ಅದು ದಾರಿ ತಪ್ಪಿಸುತ್ತದೆ. ಅರ್ಥ್ ಕಡೆ ಸ್ವಿಚ್ ಇರುವ ಗಾಡಿಯಲ್ಲಿ ಫ್ಯಾನ್ ಆಫ್ ಇದ್ದಾಗಲೂ ಮೋಟಾರಿನ ಎರಡೂ ವೈರಿನಲ್ಲಿ 12 ವೋಲ್ಟ್ ಕಾಣುತ್ತದೆ. "ಕರೆಂಟ್ ಬರ್ತಿದೆ, ಮೋಟಾರ್ ತಿರುಗ್ತಿಲ್ಲ" ಎಂದು ಒಳ್ಳೆಯ ಮೋಟಾರನ್ನು ಎಸೆಯುವುದು ಇಲ್ಲೇ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಸನಿಕೆಗಳು, 10 ಎಂಎಂ ಪಾನಾ, ಸ್ಕ್ರೂಡ್ರೈವರ್, 400 ನಂಬರಿನ ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, 20 ಆಂಪ್ ಫ್ಯೂಸ್ ಹೋಲ್ಡರ್ ಹಾಕಿದ ಒಂದೆರಡು ಜಂಪರ್ ವೈರ್. ಇವುಗಳ ಜೊತೆ ಒಂದು ಹಳೆಯ ಹೆಡ್‌ಲೈಟ್ ಬಲ್ಬ್ ಎತ್ತಿಟ್ಟುಕೊಳ್ಳಿ. ಮೀಟರಿಗಿಂತ ಅದೇ ಹೆಚ್ಚು ಸತ್ಯ ಹೇಳುವ ಹೊತ್ತು ಬರುತ್ತದೆ.

ಫ್ಯೂಸ್ ಮತ್ತು ರಿಲೇ

ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡು: ಬಾನೆಟ್ ಕೆಳಗೊಂದು, ಡ್ಯಾಶ್‌ಬೋರ್ಡ್ ಕೆಳಗೊಂದು. ಮುಚ್ಚಳದ ಒಳಬದಿಯ ಚಿತ್ರದಲ್ಲಿ ಹಿಂದಿನ ಬ್ಲೋವರಿನದು ಯಾವುದೆಂದು ಇರುತ್ತದೆ. ಇಲ್ಲದಿದ್ದರೆ ಓನರ್ಸ್ ಮ್ಯಾನುಯಲ್ ತೆಗೆಯಿರಿ. ಬ್ಲೇಡ್ ಫ್ಯೂಸಿನ ಬಣ್ಣವೇ ಆಂಪ್ ಹೇಳುತ್ತದೆ: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕಣ್ಣಿಗೆ ಸರಿ ಕಂಡ ಫ್ಯೂಸನ್ನು ನಂಬಬೇಡಿ, ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಕೀ ಆನ್ ಮಾಡಿ, ಫ್ಯೂಸ್ ಕೀಳದೆ ಅದರ ತಲೆಯ ಮೇಲಿನ ಎರಡು ಸಣ್ಣ ಲೋಹದ ಚುಕ್ಕೆಗಳನ್ನು ಒಂದೊಂದಾಗಿ ಮೀಟರಿನ ಕೆಂಪು ಕಡ್ಡಿಯಿಂದ ಮುಟ್ಟಿ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿನಲ್ಲಿರಲಿ. ಎರಡರಲ್ಲೂ 12 ವೋಲ್ಟ್ ಇದ್ದರೆ ಸರಿ. ಒಂದರಲ್ಲಿ ಮಾತ್ರ ಇದ್ದರೆ ಹೋಗಿದೆ. ಎರಡರಲ್ಲೂ ಇಲ್ಲದಿದ್ದರೆ ತೊಂದರೆ ಫ್ಯೂಸಿಗಿಂತ ಹಿಂದೆ, ಬ್ಯಾಟರಿಯ ಕಡೆ ಇದೆ.

ಹೋದ ಫ್ಯೂಸ್ ಬದಲಿಸಿದ ಕೂಡಲೇ ಮತ್ತೆ ಹೋದರೆ ದೊಡ್ಡ ಆಂಪಿನದು ಹಾಕುವ ಯೋಚನೆ ಬಿಡಿ, ಫ್ಯೂಸ್ ಬದಲು ವೈರೇ ಸುಡುತ್ತದೆ. ಮೋಟಾರಿನ ಕಪ್ಲರ್ ಬಿಚ್ಚಿ, ಅದೇ ಆಂಪಿನ ಇನ್ನೊಂದು ಫ್ಯೂಸ್ ಹಾಕಿ ಸ್ವಿಚ್ ಆನ್ ಮಾಡಿ. ಈಗ ಫ್ಯೂಸ್ ಹೋಗದೆ ಉಳಿದರೆ ಮೋಟಾರ್ ಜಾಮ್ ಆಗಿ ಅಥವಾ ಶಾರ್ಟ್ ಆಗಿ ಹೆಚ್ಚು ಕರೆಂಟ್ ಎಳೆಯುತ್ತಿದೆ. ಕಪ್ಲರ್ ಬಿಚ್ಚಿದರೂ ಹೋದರೆ ನಡುವಿನ ವೈರ್ ಎಲ್ಲೋ ಗಾಡಿಯ ಬಾಡಿಯ ತಗಡಿಗೆ ತಾಗುತ್ತಿದೆ. ಸೀಟಿನ ಹಳಿಯ ಕೆಳಗೆ, ಸೀಟ್ ಬೆಲ್ಟಿನ ಬೋಲ್ಟ್ ಹತ್ತಿರ, ಆಮೇಲೆ ಸೀಟ್ ಕವರ್ ಅಥವಾ ಸ್ಪೀಕರ್ ಹಾಕಿಸಿದಾಗ ಹೊಡೆದ ಸ್ಕ್ರೂಗಳ ಬಳಿ ಮೊದಲು ಹುಡುಕಿ.

ರಿಲೇ ಟಕ್ ಎನ್ನುವುದು ಅದು ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಳಗಿನ ಕಾಯಿಲ್ ಎಳೆಯುತ್ತಿದೆ ಎಂದಷ್ಟೇ ಅದರರ್ಥ. ಕಾಂಟ್ಯಾಕ್ಟ್ ಸುಟ್ಟು ಕರಿಕಾಗಿರಬಹುದು. ಅದೇ ನಂಬರ್, ಅದೇ ಪಿನ್ ಜೋಡಣೆ ಇರುವ ಹಾರ್ನ್ ರಿಲೇ ಪಕ್ಕದಲ್ಲೇ ಇದ್ದರೆ ಅದಲು-ಬದಲು ಮಾಡಿ ನೋಡಿ. ಬದಲಿ ಸಿಗದಿದ್ದರೆ ರಿಲೇ ಕಿತ್ತು, ಕಾಲುಗಳ ಪಕ್ಕ ಬರೆದ ನಂಬರ್ ನೋಡಿ 85 ಮತ್ತು 86ರ ಕಾಲುಗಳ ನಡುವೆ ಓಮ್ ಅಳೆಯಿರಿ. 12 ವೋಲ್ಟ್ ರಿಲೇಯಲ್ಲಿ 70ರಿಂದ 100ರ ಆಸುಪಾಸು ಬರಬೇಕು. ಆಮೇಲೆ ಸಾಕೆಟ್ಟಿನಲ್ಲಿ 30 ಮತ್ತು 87ರ ಜಾಗಕ್ಕೆ ಫ್ಯೂಸ್ ಇರುವ ಜಂಪರ್ ಕೊಟ್ಟು ಸ್ವಿಚ್ ಹಾಕಿ. ಬ್ಲೋವರ್ ತಿರುಗಿದರೆ ರಿಲೇ ಅಥವಾ ಅದಕ್ಕೆ ಆಜ್ಞೆ ಕೊಡುವ ವೈರ್ ದೋಷಿ. ತಿರುಗದಿದ್ದರೆ ಗಾಡಿಯ ಹಿಂದಕ್ಕೆ, ಮೋಟಾರಿನ ಕಡೆ ನಡೆಯಿರಿ.

ಪ್ಯಾನೆಲ್ ಬಿಚ್ಚಿ ಮೋಟಾರಿನ ಬಳಿಗೆ

ಹಿಂದಿನ ಯೂನಿಟ್ ಕೆಲವು ಗಾಡಿಗಳಲ್ಲಿ ಛಾವಣಿಯಲ್ಲಿ, ಕೆಲವದರಲ್ಲಿ ಹಿಂಬದಿಯ ಪಕ್ಕದ ಪ್ಯಾನೆಲ್ ಒಳಗೆ, ಇನ್ನು ಕೆಲವದರಲ್ಲಿ ಮುಂದಿನ ಸೀಟುಗಳ ನಡುವಿನ ಕನ್ಸೋಲಿನಲ್ಲಿರುತ್ತದೆ. ಸೈಡ್ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಪಿಲ್ಲರ್ ಅಥವಾ ರೂಫ್ ಲೈನರ್ ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ ತೆಗೆದು ಎರಡು-ಮೂರು ನಿಮಿಷ ಕಾಯಿರಿ. ಹಳದಿ ಕಪ್ಲರ್ ಏರ್‌ಬ್ಯಾಗಿನದು. ಅದನ್ನು ಬಿಚ್ಚಬೇಡಿ, ಮೀಟರ್ ಕಡ್ಡಿಯಿಂದ ಚುಚ್ಚಲೂಬೇಡಿ. ಪ್ಯಾನೆಲ್ ಹೊರಬಂದ ಮೇಲೆ ಮೈನಸ್ ಮತ್ತೆ ಕೊಟ್ಟು ಅಳತೆ ಶುರು ಮಾಡಿ.

ಕ್ಲಿಪ್ಪುಗಳ ಬಗ್ಗೆ ಒಂದು ಮಾತು. ಹಳೆಯ ಪ್ಲಾಸ್ಟಿಕ್ ಕ್ಲಿಪ್ ಮುಂಜಾನೆಯ ಚಳಿಯಲ್ಲಿ ಚಟ್ ಎಂದು ಮುರಿಯುತ್ತದೆ. ಗಾಡಿಯನ್ನು ಒಂದರ್ಧ ಗಂಟೆ ಬಿಸಿಲಿಗೆ ಬಿಟ್ಟು ಎಬ್ಬಿಸಿ. ಎಳೆದರೂ ಬಾರದಿದ್ದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದರ್ಥ. ಕೈಹಿಡಿಯ ಮುಚ್ಚಳದಡಿ, ಕಪ್ ಹೋಲ್ಡರಿನ ತಳದಲ್ಲಿ, ಬಾಗಿಲಿನ ರಬ್ಬರ್ ಅಂಚಿನ ಹಿಂದೆ ನೋಡಿ.

ಈಗ ಮುಖ್ಯ ಅಳತೆ. ಎಂಜಿನ್ ಐಡಲಿನಲ್ಲಿರಲಿ (ಗಾಡಿ ಬಯಲಿನಲ್ಲಿರಬೇಕು, ಮುಚ್ಚಿದ ಶೆಡ್ಡಿನಲ್ಲಲ್ಲ), ಮುಂದಿನ ಬ್ಲೋವರ್ ಆನ್, ಹಿಂದಿನದು ಫುಲ್. ಆಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಮೋಟಾರಿನ ಕಪ್ಲರ್ ಬಿಚ್ಚಬೇಡಿ. ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ಗುಂಡುಪಿನ್ ತೂರಿಸಿ ಅದಕ್ಕೆ ಮೀಟರ್ ಹಿಡಿಯಿರಿ. ಎರಡು ಪಿನ್ ಒಂದಕ್ಕೊಂದು ತಾಗದಿರಲಿ. ವೈರಿನ ಸಿಪ್ಪೆ ಚುಚ್ಚುವ ಅಭ್ಯಾಸ ನಮ್ಮೂರ ಮಳೆಗೆ ಒಗ್ಗುವುದಿಲ್ಲ, ಆ ತೂತಿನಿಂದ ಶೀತ ಇಳಿದು ಎರಡು ಮಳೆಗಾಲದಲ್ಲಿ ತಾಮ್ರ ಪುಡಿಯಾಗುತ್ತದೆ.

ಮೊದಲು ಮೋಟಾರಿನ ಎರಡು ವೈರಿನ ನಡುವೆ ಅಳೆಯಿರಿ. 12 ವೋಲ್ಟ್ ಅಥವಾ ಹೆಚ್ಚು ಬಂದೂ ಮೋಟಾರ್ ತಿರುಗದಿದ್ದರೆ ಮೋಟಾರೇ ಹೋಗಿದೆ, ಬೇರೆ ಮಾತಿಲ್ಲ. ಅಲ್ಲಿ ಸೊನ್ನೆ ಬಂದರೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಉದ್ದನೆಯ ವೈರಿನಲ್ಲಿ ಜೋಡಿಸಿ, ಕೆಂಪು ಕಡ್ಡಿಯನ್ನು ಒಂದೊಂದೇ ವೈರಿಗೆ ಹಿಡಿಯಿರಿ. ಎರಡರಲ್ಲೂ 12 ವೋಲ್ಟ್ ಇದೆ: ಪ್ಲಸ್ ಸರಿಯಾಗಿ ಬರುತ್ತಿದೆ, ಅರ್ಥ್ ಕಡೆಯ ದಾರಿ ಕಡಿದಿದೆ. ಎರಡರಲ್ಲೂ ಸೊನ್ನೆ: ಪ್ಲಸ್ಸೇ ಬರುತ್ತಿಲ್ಲ, ಫ್ಯೂಸಿನಿಂದ ಇಲ್ಲಿಯವರೆಗಿನ ವೈರ್ ಹುಡುಕಿ, ಪ್ಲಸ್ ಕಡೆ ಸ್ವಿಚ್ ಇರುವ ಗಾಡಿಯಾದರೆ ಸ್ವಿಚ್, ರೆಸಿಸ್ಟರ್ ಕೂಡ ಈ ದಾರಿಯಲ್ಲೇ ಬರುತ್ತವೆ.

ತಲೆ ತಿನ್ನುವುದು ನಾಲ್ಕನೆಯ ಬಗೆ. ಕಪ್ಲರ್ ಬಿಚ್ಚಿ ಅಳೆದರೆ 12 ವೋಲ್ಟ್ ಚೆನ್ನಾಗಿ ಕಾಣುತ್ತದೆ, ಹಾಕಿದ ಕೂಡಲೇ 4-5ಕ್ಕೆ ಕುಸಿಯುತ್ತದೆ. ತೋಟದ ಸ್ಪ್ರಿಂಕ್ಲರ್ ಲೈನಿನಲ್ಲಿ ಕಸ ಕಟ್ಟಿದ್ದರೂ ವಾಲ್ವ್ ಮುಚ್ಚಿದಾಗ ಗೇಜ್ ಪೂರ್ತಿ ಪ್ರೆಶರ್ ತೋರಿಸುತ್ತದಲ್ಲ, ಹಾಗೆಯೇ ಇದು. ಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ ಒಂದೇ ಒಂದು ಎಳೆ ಉಳಿದ ವೈರೂ ಅದಕ್ಕೆ ಸಾಕು. ಹೆಡ್‌ಲೈಟ್ ಬಲ್ಬ್ ಕೆಲಸಕ್ಕೆ ಬರುವುದು ಇಲ್ಲಿ. 60/55 ವ್ಯಾಟಿನ ಬಲ್ಬಿನ ಎರಡೂ ಫಿಲಮೆಂಟ್ ಒಟ್ಟಿಗೆ ಸೇರಿಸಿದರೆ 9 ಆಂಪಿಗೂ ಹೆಚ್ಚು ಎಳೆಯುತ್ತದೆ, ಹೆಚ್ಚುಕಡಿಮೆ ಬ್ಲೋವರಿನಷ್ಟೇ. ಮೋಟಾರಿನ ಬದಲು ಅದನ್ನು ಕಪ್ಲರಿಗೆ ಜೋಡಿಸಿ. ಕಣ್ಣು ಕುಕ್ಕುವಂತೆ ಉರಿದರೆ ವೈರಿಂಗ್ ಸರಿ, ಮೋಟಾರ್ ನೋಡಿ. ಕೆಂಪಗೆ ಮಿಣುಕಿದರೆ ದಾರಿಯಲ್ಲೆಲ್ಲೋ ಕೆಟ್ಟ ಜಾಯಿಂಟ್ ಇದೆ. ಬಲ್ಬ್ ಬೇಗ ಸುಡುವಷ್ಟು ಬಿಸಿಯಾಗುತ್ತದೆ, ಸೀಟಿನ ಮೇಲೆ ಇಡಬೇಡಿ.

ಬಲ್ಬ್ ಉರಿಯುತ್ತಿರುವಾಗಲೇ ಆ ಜಾಯಿಂಟ್ ಎಲ್ಲಿದೆ ಎಂದು ಹಿಡಿಯಬಹುದು. ಬ್ಯಾಟರಿ ಮೈನಸ್ಸಿಗೂ ಕಪ್ಲರಿನ ಅರ್ಥ್ ವೈರಿಗೂ ನಡುವೆ ಅಳೆದರೆ 0.2 ವೋಲ್ಟ್ ಮೀರಬಾರದು. ಬ್ಯಾಟರಿ ಪ್ಲಸ್ಸಿಗೂ ಕಪ್ಲರಿನ ಪ್ಲಸ್ ವೈರಿಗೂ ನಡುವೆ 0.5 ಮೀರಬಾರದು. ಮೀರಿದ ಕಡೆ ಒಂದೊಂದೇ ಜಾಯಿಂಟ್ ದಾಟುತ್ತಾ ಬನ್ನಿ. ಯಾವುದರ ಆಚೆ-ಈಚೆ ವೋಲ್ಟ್ ಒಮ್ಮೆಲೇ ಬದಲಾಗುತ್ತದೋ ಅದೇ ಕಳ್ಳ. 10 ಆಂಪ್ ಹರಿಯುವ ಜಾಗದಲ್ಲಿ 0.2 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ಕಳೆದು 20 ವ್ಯಾಟ್ ಶಾಖ ಆಗುತ್ತದೆ. ಕಪ್ಲರ್ ಕಂದು ಬಣ್ಣಕ್ಕೆ ತಿರುಗಿ ಕರಗುವುದು ಇದರಿಂದ.

ಮಳೆಯ ಕೆಲಸ

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಅಷ್ಟು ಇಲ್ಲದ ಊರಿನಲ್ಲೂ ಜುಲೈ-ಆಗಸ್ಟಿನಲ್ಲಿ ಗಾಡಿಯ ಒಳಗಿನ ಕಾರ್ಪೆಟ್ ಒಣಗುವುದೇ ಇಲ್ಲ. ನೀರು ಒಳಗೆ ಬರುವ ದಾರಿಗಳು ಬಹುತೇಕ ನಿಗದಿ: ಟೈಲ್‌ಲ್ಯಾಂಪ್ ಹಿಂದಿನ ಗ್ಯಾಸ್ಕೆಟ್, ಕ್ಯಾರಿಯರ್ ಹಾಕಲು ಛಾವಣಿಗೆ ಹೊಡೆದ ಬೋಲ್ಟಿನ ತೂತು, ಆಂಟೆನಾ ಬುಡ, ಹಿಂದಿನ ಪಕ್ಕದ ಗಾಜಿನ ರಬ್ಬರ್. ಟೂರಿಸ್ಟ್ ಗಾಡಿಗಳಲ್ಲಿ ಕ್ಯಾರಿಯರ್ ಬೋಲ್ಟೇ ಮೊದಲ ಅನುಮಾನ. ಲಗೇಜ್ ಭಾರಕ್ಕೆ ಅದು ಅಲುಗಾಡಿ ಸೀಲೆಂಟ್ ಬಿಟ್ಟಿರುತ್ತದೆ. ಹೀಗೆ ಇಳಿದ ನೀರು ಪಕ್ಕದ ಪ್ಯಾನೆಲ್ ಒಳಗೆ ಹರಿದು ಬ್ಲೋವರಿನ ಅರ್ಥ್ ಬೋಲ್ಟ್ ಇರುವ ಕಡೆಯೇ ನಿಲ್ಲುತ್ತದೆ.

ಇನ್ನೊಂದು ನೀರು ಎಸಿಯದೇ. ಹಿಂದಿನ ಕೂಲಿಂಗ್ ಕಾಯಿಲಿನಿಂದ ತೊಟ್ಟಿಕ್ಕುವ ನೀರು ಸಣ್ಣ ಡ್ರೈನ್ ಪೈಪಿನಲ್ಲಿ ಕೆಳಗೆ ಹೋಗಬೇಕು. ಆ ಪೈಪಿನ ಬಾಯಿಗೆ ಕಡಜ ಮಣ್ಣುಗೂಡು ಕಟ್ಟುತ್ತದೆ, ಇಲ್ಲವೇ ರಸ್ತೆಯ ಕೆಂಪು ಕೆಸರು ಮೆತ್ತಿಕೊಳ್ಳುತ್ತದೆ. ನೀರು ತಟ್ಟೆಯಲ್ಲಿ ತುಂಬಿ, ಘಾಟಿಯ ತಿರುವಿನಲ್ಲಿ ವಾಲಿ, ನೇರ ಮೋಟಾರಿನ ಮೇಲೆ ಚೆಲ್ಲುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ವೈರ್ ತುಂಡನ್ನು ಕೆಳಗಿನಿಂದ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಒಳಗಿನ ಪೈಪ್ ಕಳಚಬಹುದು.

ಕಪ್ಲರ್ ಬಿಚ್ಚಿ ಪಿನ್ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಎಮರಿ ಪೇಪರಿನ ಸಣ್ಣ ಪಟ್ಟಿಯಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಪೂರ್ತಿ ಒಣಗಿಸಿ. ಹೆಣ್ಣು ಪಿನ್ ಸಡಿಲವಾಗಿದ್ದರೆ ಸೂಜಿಯಿಂದ ಒಳಮುಖವಾಗಿ ಸ್ವಲ್ಪವೇ ಬಗ್ಗಿಸಿ. ಆಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ. ಕಪ್ಪಾಗಿ, ಪ್ಲಾಸ್ಟಿಕ್ ಕರಗಿದ ಕಪ್ಲರ್ ಉಜ್ಜಿದರೆ ಉಳಿಯುವುದಿಲ್ಲ, ಕಪ್ಲರ್ ಮತ್ತು ಬಾಲದ ವೈರ್ ಎರಡನ್ನೂ ಬದಲಿಸಬೇಕು. ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಧೂಳು ಹಿಡಿದು ಅಂಟಾಗುತ್ತದೆ, ಬೇಡ.

ಅರ್ಥ್ ಬೋಲ್ಟ್ ಬಿಚ್ಚಿ, ಉಂಗುರದ ಟರ್ಮಿನಲ್ ಕೂರುವ ಜಾಗದ ತುಕ್ಕು, ಪೇಂಟ್ ಕೆರೆದು ಬರಿ ತಗಡು ಕಾಣುವಂತೆ ಮಾಡಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ. ಗ್ರೀಸ್ ಅಥವಾ ಪೇಂಟ್ ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಮೊದಲೇ ಸವರಿದರೆ ಮಾಡಿದ ಕೆಲಸವೇ ಹಾಳು. ತಗಡೇ ತುಕ್ಕು ತಿಂದು ಪೊರೆಯಾಗಿದ್ದರೆ ಆ ಜಾಗ ಬಿಟ್ಟು ಹತ್ತಿರದ ಗಟ್ಟಿ ಬೋಲ್ಟಿಗೆ ಅರ್ಥ್ ಕೊಡಿ, ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಬೇಡ.

ಇಲಿಯ ಕೆಲಸ

ಅಡಿಕೆ ಮನೆಯ ಪಕ್ಕ, ಕೊಟ್ಟಿಗೆಯ ಮಾಡಿನಡಿ, ಭತ್ತದ ಕಣಜದ ಬಳಿ ನಿಲ್ಲುವ ಗಾಡಿಗೆ ಇಲಿ ಹೊಕ್ಕೇ ಹೊಗುತ್ತದೆ. ಹಿಂದಿನ ಬ್ಲೋವರಿನ ವೈರ್ ಬಾಗಿಲ ಹೊಸ್ತಿಲಿನ ಪಟ್ಟಿಯಡಿ ಹಾದುಹೋಗುವುದು ಅದಕ್ಕೆ ಅನುಕೂಲ: ಬೆಚ್ಚಗಿನ ಸಂದಿ, ಕಡಿಯಲು ಮೆತ್ತನೆಯ ಸಿಪ್ಪೆ. ಹಿಕ್ಕೆ, ಚೂರು ಕಾಗದ, ಹತ್ತಿ, ಸೀಟಿನ ಸ್ಪಂಜಿನ ಪುಡಿ ಕಂಡರೆ ಆ ಪಟ್ಟಿ ಎತ್ತಿ ಕೊನೆಯವರೆಗೂ ನೋಡಿ. ಒಂದು ಕಡೆ ಕಡಿದದ್ದು ಸಿಕ್ಕಿತೆಂದು ನಿಲ್ಲಬೇಡಿ.

ಬ್ಲೋವರ್ ಚಕ್ರದೊಳಗೇ ಗೂಡು ಇರುವುದುಂಟು. ಸ್ವಿಚ್ ಹಾಕಿದಾಗ ಮೋಟಾರ್ ಒದ್ದಾಡಿ ಫ್ಯೂಸ್ ಹಾರುತ್ತದೆ. ಗೂಡು ತೆಗೆಯುವಾಗ ರಬ್ಬರ್ ಗ್ಲೌಸ್, ಮಾಸ್ಕ್ ಹಾಕಲೇಬೇಕು. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ, ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ಒಣ ಕಸವನ್ನು ಬ್ರಷ್‌ನಿಂದ ಧೂಳೆಬ್ಬಿಸದೆ, ಬ್ಲೀಚಿಂಗ್ ಪೌಡರಿನ ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಬ್ಲೀಚಿಂಗ್ ನೀರು ಕಪ್ಲರಿಗೆ, ಅಲ್ಯೂಮಿನಿಯಂ ಕಾಯಿಲಿಗೆ ತಾಗಬಾರದು.

ಕಡಿದ ವೈರನ್ನು ತಿರುಚಿ ಟೇಪ್ ಸುತ್ತುವುದು ಬೇಸಿಗೆಗೆ ಸಾಕು, ಆಷಾಢದ ಶೀತಕ್ಕೆ ಟೇಪಿನ ಅಂಟು ಬಿಟ್ಟು ಜಾರುತ್ತದೆ. ಎರಡೂ ತುದಿ ಹೊಳೆಯುವ ತಾಮ್ರ ಬರುವವರೆಗೆ ಕತ್ತರಿಸಿ, ಬೆಸೆದು ಅಥವಾ ಸರಿಯಾದ ಸ್ಲೀವ್ ಹಾಕಿ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಏರಿಸಿ. ಅಕ್ಕಪಕ್ಕದ ಎರಡು ವೈರಿನ ಜಾಯಿಂಟ್ ಒಂದೇ ಸಾಲಿನಲ್ಲಿ ಬಾರದಂತೆ ಎರಡು-ಮೂರು ಇಂಚು ಹಿಂದೆ-ಮುಂದೆ ಮಾಡಿ. ಪೂರ್ತಿ ಹೊಸ ವೈರ್ ಎಳೆಯುವುದಾದರೆ 2.5 ಚದರ ಮಿ.ಮೀ.ಗಿಂತ ತೆಳ್ಳಗಿನದು ಬೇಡ. 5 ಮೀಟರ್ ಉದ್ದಕ್ಕೆ 10 ಆಂಪಿನಲ್ಲಿ ಅದರಲ್ಲಿ ಕಳೆಯುವುದು 0.4 ವೋಲ್ಟಿಗಿಂತ ಕಡಿಮೆ, 1.5ರದು ಹಾಕಿದರೆ 0.6. ಬ್ಯಾಟರಿಯಿಂದ ನೇರ ಎಳೆದ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು.

ರೆಸಿಸ್ಟರ್, ಸ್ವಿಚ್

ರೆಸಿಸ್ಟರ್ ಗಾಳಿ ಹಾಯುವ ದಾರಿಯಲ್ಲೇ ಕೂತಿರುತ್ತದೆ, ಆ ಗಾಳಿಯೇ ಅದನ್ನು ತಣ್ಣಗಿಡುವುದು. ಫಿಲ್ಟರ್ ಅಥವಾ ಕಾಯಿಲ್ ಕಟ್ಟಿ ಗಾಳಿ ಕಡಿಮೆಯಾದಾಗ, ಅಥವಾ ಮೋಟಾರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆದಾಗ ಅದರ ಥರ್ಮಲ್ ಫ್ಯೂಸ್ ಕಡಿದುಹೋಗುತ್ತದೆ. ಅದಕ್ಕೇ ರೆಸಿಸ್ಟರ್ ಮಾತ್ರ ಬದಲಿಸಿದವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಬದಲಿಸುತ್ತಾರೆ. ಥರ್ಮಲ್ ಫ್ಯೂಸಿಗೆ ವೈರ್ ಬೆಸೆದು ದಾಟಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಪ್ಲಾಸ್ಟಿಕ್ ಡಕ್ಟಿಗೆ ಬೆಂಕಿ ಹತ್ತುವ ದಾರಿ ಅದು. ರೆಸಿಸ್ಟರನ್ನು ಡಕ್ಟಿನಿಂದ ಹೊರಗೆ ತೂಗುಬಿಡುವುದೂ ಅಷ್ಟೇ ಅಪಾಯ.

ಆಟೋ ಕ್ಲೈಮೇಟ್ ಇರುವ ಗಾಡಿಯಲ್ಲಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುತ್ತದೆ. ಅದರ ತೆಳ್ಳಗಿನ ಸಿಗ್ನಲ್ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ, ಬಲ್ಬ್ ಎಳೆಯುವ ಕರೆಂಟಿಗೆ ಕಂಟ್ರೋಲ್ ಯೂನಿಟ್ ಸುಡಬಹುದು. ಮೀಟರ್ ಮಾತ್ರ. ಪ್ಲಸ್, ಅರ್ಥ್ ಎರಡೂ ಸರಿ ಇದ್ದು, ಸ್ಪೀಡ್ ಬದಲಿಸಿದಂತೆ ಸಿಗ್ನಲ್ ವೋಲ್ಟ್ ಬದಲಾಗುತ್ತಿದ್ದು, ಮೋಟಾರಿಗೆ ಏನೂ ಹೋಗದಿದ್ದರೆ ಕಂಟ್ರೋಲರ್ ಬದಲಿಸಿ.

ಹಿಂದಿನ ಸ್ವಿಚ್ ಮಕ್ಕಳ ಕೈಗೆ ಸಿಗುವ ಜಾಗದಲ್ಲಿರುತ್ತದೆ, ಬೇಗ ಸವೆಯುತ್ತದೆ. ಕಪ್ಲರ್ ಬಿಚ್ಚಿ ಪ್ರತಿ ಸ್ಪೀಡಿನಲ್ಲೂ ಮೀಟರಿನಿಂದ ಕಂಟಿನ್ಯುಟಿ (ಕರೆಂಟಿನ ದಾರಿ ಕಡಿಯದೆ ಇದೆಯೇ ಎಂದು) ನೋಡಿದರೆ ಸಾಕು.

ಕೊನೆಗೆ ಮೋಟಾರ್

ಇಷ್ಟೂ ಸರಿ ಇದ್ದರೆ ಮೋಟಾರ್ ಹೊರಗೆ ತೆಗೆಯಿರಿ. ಸಾಮಾನ್ಯವಾಗಿ ಮೂರು ಸ್ಕ್ರೂ. ತೆಗೆಯುವ ಮೊದಲು, ಸ್ವಿಚ್ ಆನ್ ಇದ್ದಾಗಲೇ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿದರೆ ಬ್ರಷ್ ಸವೆದಿದೆ. ಹೊರಬಂದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ: ಹಗುರವಾಗಿ ಒಂದೆರಡು ಸುತ್ತು ಓಡಬೇಕು. ಕರಕರ ಎಂದರೆ ಬುಷ್ ತುಕ್ಕು ಹಿಡಿದಿದೆ. ಬುಷ್ಷಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಬಿಡಿಸಬಹುದು, ಆದರೆ ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ (ಬ್ರಷ್ ತಾಗುವ ತಾಮ್ರದ ಉರುಳೆಗೆ) ಇಳಿದರೆ ಬ್ರಷ್ ಹಾಳು.

ಎರಡು ಪಿನ್ನಿನ ನಡುವೆ ಕೆಲವೇ ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಬ್ರಷ್ ತಾಗುತ್ತಿಲ್ಲ ಅಥವಾ ವೈಂಡಿಂಗ್ ಕಡಿದಿದೆ. ಫ್ಯೂಸ್ ಇರುವ ಜಂಪರಿನಿಂದ ನೇರ ಬ್ಯಾಟರಿಗೆ ಕೊಟ್ಟು ನೋಡಿ. ಕರೆಂಟ್ ಅಳೆಯಲು ಡಿಸಿ ಓದುವ ಕ್ಲ್ಯಾಂಪ್ ಮೀಟರ್ ಬೇಕು, ಮನೆ ವೈರಿಂಗಿನವರ ಸಾದಾ ಕ್ಲ್ಯಾಂಪ್ ಇಲ್ಲಿ ಸೊನ್ನೆ ತೋರಿಸುತ್ತದೆ. ಫ್ಯೂಸಿನ ಆಂಪಿನ ಹತ್ತಿರ ಹತ್ತಿರ ಎಳೆಯುತ್ತಿದ್ದರೆ ಅದು ತಿರುಗುತ್ತಿದ್ದರೂ ರೋಗಿಯೇ, ಬದಲಿಸುವುದು ಲೇಸು.

ಬ್ರಷ್ ಮಾತ್ರ ಸವೆದಿದ್ದರೆ ಪೂರ್ತಿ ಮೋಟಾರ್ ಬೇಕಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ, ಅಥವಾ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸ್ಟಾರ್ಟರ್-ಡೈನಮೊ ರಿಪೇರಿ ಮಾಡುವವರಲ್ಲಿ ವಿಚಾರಿಸಿ. ಹಳೆಯ ಬ್ರಷ್ ಜೊತೆಗೊಯ್ದು ಅದೇ ಅಗಲ-ದಪ್ಪದ್ದು ಹಾಕಿಸಿ, ಕಮ್ಯುಟೇಟರ್ ಸಣ್ಣ ಕಣದ ಸ್ಯಾಂಡ್‌ಪೇಪರಿನಿಂದ ನಯ ಮಾಡಿಸಿ, ಎಮರಿ ಬೇಡ. ತಿಕ್ಕಿ ಸಣ್ಣದು ಮಾಡಿದ ದೊಡ್ಡ ಬ್ರಷ್ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಸ ಮೋಟಾರ್ ಕೊಳ್ಳುವಾಗ ಹಳೆಯದನ್ನು ಪಕ್ಕಕ್ಕಿಟ್ಟು ನೋಡಿ: ಶಾಫ್ಟ್ ಉದ್ದ, ಚಕ್ರದ ಅಗಲ, ತಿರುಗುವ ದಿಕ್ಕು. ಪ್ಲಸ್-ಮೈನಸ್ ಅದಲುಬದಲಾದರೆ ಮೋಟಾರ್ ಹಿಮ್ಮುಖ ತಿರುಗುತ್ತದೆ. ಈ ಬಗೆಯ ಪಂಜರದಂಥ ಚಕ್ರ ಹಿಮ್ಮುಖ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಆದರೆ ಬಹಳ ಕಡಿಮೆ. "ಹೊಸ ಮೋಟಾರ್ ಹಾಕಿದರೂ ಗಾಳಿ ಸಾಲದು" ಎಂದು ಕಾಯಿಲ್ ತೊಳೆಸಿ, ಗ್ಯಾಸ್ ತುಂಬಿಸಿ ದುಡ್ಡು ಕಳೆಯುವ ಮೊದಲು ವೈರ್ ಎರಡು ಬದಲಿಸಿ ನೋಡಿ.

ಪ್ಯಾನೆಲ್ ಮುಚ್ಚುವ ಮುನ್ನ ಫುಲ್ ಸ್ಪೀಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ ಮೋಟಾರಿನ ಕಪ್ಲರ್, ಅರ್ಥ್ ಬೋಲ್ಟ್, ಫ್ಯೂಸ್ ಮೂರನ್ನೂ ಮುಟ್ಟಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳಿಡಲಾಗದಷ್ಟು ಬಿಸಿಯಾಗಿದ್ದರೆ ಆ ಜಾಯಿಂಟ್ ಮತ್ತೆ ಮಾಡಿ. ಆಮೇಲೆ ಎಲ್ಲ ಆಫ್ ಮಾಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಟೈಲ್‌ಲ್ಯಾಂಪ್, ಕ್ಯಾರಿಯರ್ ಬೋಲ್ಟ್, ಪಕ್ಕದ ಗಾಜಿನ ಅಂಚಿಗೆ ಒಂದೊಂದಾಗಿ ಐದೈದು ನಿಮಿಷ ಪೈಪಿನಿಂದ ನೀರು ಬಿಡಲಿ. ಎಲ್ಲಿಂದ ಹನಿ ಇಳಿಯಿತೋ ಅಲ್ಲಿ ಹಳೆಯ ಸೀಲೆಂಟ್ ಪೂರ್ತಿ ಕೆರೆದು, ಒಣಗಿಸಿ, ಹೊಸದು ಹಾಕಿ, ಒಂದು ದಿನ ಬಿಟ್ಟು ಮತ್ತೊಮ್ಮೆ ನೀರು ಬಿಟ್ಟು ನೋಡಿಯೇ ಕ್ಲಿಪ್ ಒತ್ತಿ.